ಗಿರಾಕಿ ಸಿಗದ ಸ್ಕೀ

ಅಮೆರಿಕದ ಪ್ಲೇನ್‌ಫೀಲ್ಡಿನಲ್ಲಿ ಕನ್ನಡಿಗರೊಬ್ಬರ ಮನೆಯ ಗ್ಯಾರೇಜಿನಲ್ಲಿ ಮಾರಾಟಕ್ಕಿಟ್ಟಿದ್ದ, ಹಿಮದ ಮೇಲೆ ಜಾರುವ ಹಳೆಯ ಸ್ಕೀ ಹಲಗೆಗಳ ತುದಿಗೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿತ್ತು.

“ಅಂಕಲ್, ಇವನ್ನ ಹಿಮದಲ್ಲಿ ಓಡಿಸಿದ್ರಾ, ಬರೀ ಪೂಜೆ ಮಾಡಿದ್ರಾ?” ಎಂದು ಮನೆಯ ಯಜಮಾನರನ್ನು ಕೇಳಿದೆ.

“ನನ್ನದಲ್ಲಪ್ಪ, ಇವಳದು. ಮಂಡಿ ಆಪರೇಷನ್ ಆಯ್ತಲ್ಲ, ಮಾರಿಬಿಡು ಅಂತ ಮಗಳ ಆರ್ಡರ್,” ಎಂದು ಅವರು ಹೆಂಡತಿಯತ್ತ ಕೈ ತೋರಿದರು.

ಆಂಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮಗಿದು ತುಂಬಾ ಉದ್ದ ಆಗತ್ತೆ. ಬೇರೆ ನೋಡ್ಕೊಳ್ಳಿ.”

“ನಿನ್ನೆ ಬಂದೋನು ನಿನಗಿಂತ ಕುಳ್ಳ. ಅವನಿಗೆ ಗಿಡ್ಡ ಆಗತ್ತೆ ಅಂದ್ಲು,” ಎಂದರು ಅಂಕಲ್.

ಆಂಟಿ ನಕ್ಕಿರಲೂಬಹುದು. ನನಗೆ ನೆನಪಿರುವುದು, ಅವರು ಜಾಕೆಟ್ಟಿನ ತೋಳಿನಿಂದ ಸ್ಕೀಯ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದದ್ದು ಮಾತ್ರ.

ನಾನು ಸ್ಕೀಯ ಪಕ್ಕದಲ್ಲಿ ನಿಂತು ನೋಡಿದೆ. “ಹೌದು ಆಂಟಿ, ಉದ್ದ ಜಾಸ್ತಿನೇ.”

“ಕೇಳಿದ್ರಾ? ಹೇಳಿ ನಿಮ್ಮ ಮಗಳಿಗೆ, ಗಿರಾಕಿನೇ ಸಿಗ್ತಿಲ್ಲ ಅಂತ!” ಎಂದು ಗಂಡನಿಗೆ ಹೇಳಿ, ನನಗೆ ಕಾಫಿ ಮಾಡಲು ಒಳಗೆ ಹೋದರು.

ಸ್ಕೀಗಳು ನನ್ನ ಅಳತೆಗೆ ಸರಿಯಾಗಿಯೇ ಇದ್ದವು. ಆದರೆ ಈ ಕಥೆಯನ್ನು ಯಾರಿಗಾದರೂ ಹೇಳಿದಾಗಲೆಲ್ಲ ಅವು ಇಷ್ಟಿಷ್ಟೇ ಉದ್ದವಾಗುತ್ತಿವೆ. ಈಗೀಗ ಆಂಟಿ ಹೇಳಿದ್ದೇ ನಿಜವಿರಬೇಕು ಅನ್ನಿಸುತ್ತದೆ.