ಲೈಬ್ರರಿ ಸಾಹೇಬರ ಒಂದೇ ಪ್ರಶ್ನೆ

ಅವರ ಬಲಗೈಯ ತೋರುಬೆರಳು ವರ್ಷವಿಡೀ ನೇರಳೆ ಬಣ್ಣದಲ್ಲಿರುತ್ತಿತ್ತು. ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುವ ಇಂಕ್ ಪ್ಯಾಡಿನ ಬಣ್ಣ ಅದು. ಸೋಪು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಓದುವಾಗ ಆ ಬೆರಳನ್ನು ಸಾಲಿನ ಕೆಳಗೆ ಎಳೆದುಕೊಂಡು ಹೋಗುತ್ತಿದ್ದರು. ಅನುಮಾನ ಬಂದ ಕಡೆ ನಿಲ್ಲಿಸಿ ಎರಡು ಸಲ ಕುಟ್ಟುತ್ತಿದ್ದರು. ಹಾಗಾಗಿ ನಮ್ಮ ಕಾಲೇಜಿನ ಲೈಬ್ರರಿಯ ಕಾದಂಬರಿಗಳ ತುಂಬ ನೇರಳೆ ಚುಕ್ಕೆಗಳಿದ್ದವು. ಚುಕ್ಕೆ ಇರುವ ಕಡೆ ಬರೆದವನು ಚರಿತ್ರೆಗೆ ತನ್ನ ಕೈಯಿಂದ ಒಂದಿಷ್ಟು ಸೇರಿಸಿದ್ದಾನೆ ಎಂದು ನಾವು ತಿಳಿದುಕೊಳ್ಳಬೇಕಿತ್ತು.

ಗೌರಿಬಿದನೂರಿನಲ್ಲಿ ನಾನು ಬಿ.ಎ. ಓದುತ್ತಿದ್ದ ಆ ದಿನಗಳಲ್ಲಿ ಎಲ್ಲರೂ ಅವರನ್ನು ಲೈಬ್ರರಿ ಸಾಹೇಬರು ಎನ್ನುತ್ತಿದ್ದರು. ಹುದ್ದೆಯಲ್ಲಿ ಅವರು ಬರೀ ಸಹಾಯಕರು. ಅಲೀಪುರದಿಂದ ಬೆಳಗಿನ ಬಸ್ಸಿಗೆ ಬಂದು ಬೀಗ ತೆಗೆಯುವುದು, ಸಂಜೆ ಬೀಗ ಹಾಕಿಕೊಂಡು ಹೋಗುವುದು. ಬಿ.ಎ. ಪರೀಕ್ಷೆಯನ್ನು ಹೊರಗಿನಿಂದ ಕಟ್ಟಿ ಒಂದು ಪೇಪರ್ ಬಿಟ್ಟು ಎಲ್ಲ ಪಾಸು ಮಾಡಿದ್ದರು. ಉಳಿದದ್ದು ಇಂಗ್ಲಿಷ್. ಅದರಲ್ಲಿ ನಾಲ್ಕು ಸಲ ಫೇಲು. ಇಂಗ್ಲಿಷ್ ಬಾರದೆ ಅಲ್ಲ, ನಮ್ಮ ಕೆಲವು ಮೇಷ್ಟರುಗಳಿಗಿಂತ ಚೆನ್ನಾಗಿಯೇ ಬರುತ್ತಿತ್ತು. ನಾಟಕದಲ್ಲಿ ರಾಜ ಹೇಗೆ ಸತ್ತ ಎಂದು ಪ್ರಶ್ನೆ ಕೇಳಿದರೆ ಇವರು ನಾಟಕಕಾರ ಹೇಳಿದ್ದನ್ನು ಎರಡು ಸಾಲಿನಲ್ಲಿ ಮುಗಿಸಿ, ಆ ರಾಜ ನಿಜವಾಗಿ ಸತ್ತದ್ದು ಹೀಗಲ್ಲ ಎಂದು ಎರಡು ಪುಟ ಬರೆದು ಬರುತ್ತಿದ್ದರು. ಇದನ್ನು ಅವರೇ ನನಗೆ ಹೇಳಿದ್ದು, ಸ್ವಲ್ಪವೂ ನಾಚಿಕೆಯಿಲ್ಲದೆ.

ನನ್ನದು ಕೂತಲ್ಲಿ ಕೂರದ ಬುದ್ಧಿ. ಇತಿಹಾಸವನ್ನೂ ಐಚ್ಛಿಕ ಇಂಗ್ಲಿಷನ್ನೂ ಒಟ್ಟಿಗೆ ತೆಗೆದುಕೊಂಡಿದ್ದೆ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಅಪ್ಪ ಹೇಳಿದ್ದರು. ಬೆಳಿಗ್ಗೆ ಇಂಗ್ಲಿಷ್ ಮೇಡಂ, ಕಲ್ಪನೆಯೇ ದೊಡ್ಡ ಸತ್ಯ ಎನ್ನುತ್ತಿದ್ದರು. ಮಧ್ಯಾಹ್ನ ಇತಿಹಾಸದ ಮೇಷ್ಟರು ಯಾವ ಮಾತಿಗೂ ಆಧಾರ ಎಲ್ಲಿ ಎನ್ನುತ್ತಿದ್ದರು. ಬೆಳಿಗ್ಗೆ ಮೇಡಂ ಹೇಳಿದ್ದು ಸರಿ ಅನ್ನಿಸುತ್ತಿತ್ತು, ಮಧ್ಯಾಹ್ನ ಮೇಷ್ಟರು ಹೇಳಿದ್ದು ಸರಿ ಅನ್ನಿಸುತ್ತಿತ್ತು, ಸಂಜೆ ಮನೆಗೆ ಹೋಗುವಷ್ಟರಲ್ಲಿ ಇಬ್ಬರ ಮೇಲೂ ಸಿಟ್ಟು ಬಂದಿರುತ್ತಿತ್ತು.

ಈ ಚಡಪಡಿಕೆಯನ್ನು ಸಾಹೇಬರು ಮೊದಲ ವರ್ಷವೇ ಗುರುತಿಸಿದರು. ಒಂದು ಕಾರ್ಡಿಗೆ ಒಂದೇ ಪುಸ್ತಕ ಎನ್ನುವುದು ಕಾಲೇಜಿನ ನಿಯಮ. ನನಗೆ ಮಾತ್ರ ಅವರು ಜೋಡಿ ಪುಸ್ತಕ ಕೊಡುತ್ತಿದ್ದರು. ಒಂದು ಕಾದಂಬರಿ ಕೇಳಿದರೆ ಅದೇ ಕಾಲದ, ಅದೇ ದೇಶದ ಚರಿತ್ರೆಯ ಪುಸ್ತಕವನ್ನೂ ಹುಡುಕಿ ಮೇಲಿಟ್ಟು, "ಎರಡೂ ಓದ್ಕೊಂಡು ಬಾಮ್ಮ. ಒಂದ್ರಲ್ಲಿ ಅಳು, ಇನ್ನೊಂದ್ರಲ್ಲಿ ಲೆಕ್ಕ ಹಾಕು. ಎರಡನ್ನೂ ಕಲಸಬ್ಯಾಡ" ಎನ್ನುತ್ತಿದ್ದರು. ಓದದೆ ವಾಪಸು ತಂದರೆ ಮುದ್ರೆ ಒತ್ತುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ, ನಾನು ತಡವರಿಸಿದರೆ ಪುಸ್ತಕವನ್ನು ನನ್ನ ಕಡೆಗೇ ತಳ್ಳುತ್ತಿದ್ದರು. ಯಾವ ಮೇಷ್ಟರೂ ನನ್ನನ್ನು ಅಷ್ಟು ಓದಿಸಲಿಲ್ಲ.

ಕೊನೆಯ ವರ್ಷ ನಮ್ಮ ಸುತ್ತಮುತ್ತಲ ಒಂದು ಊರಿನ ಚರಿತ್ರೆ ಬರೆಯಬೇಕಿತ್ತು. ಅತ್ಯುತ್ತಮ ಪ್ರಬಂಧವನ್ನು ಕಾಲೇಜು ಬೆಂಗಳೂರಿನ ವಿಶ್ವವಿದ್ಯಾಲಯದ ಸ್ಪರ್ಧೆಗೆ ಕಳಿಸುತ್ತಿತ್ತು. ನನಗೆ ಅದು ಬರೀ ಸ್ಪರ್ಧೆ ಆಗಿರಲಿಲ್ಲ. ಅಲ್ಲಿ ಬಹುಮಾನ ಬಂದರೆ ಎಂ.ಎ.ಗೆ ಕಳಿಸುತ್ತೇನೆ, ಇಲ್ಲದಿದ್ದರೆ ಬಂದ ಗಂಡನ್ನು ಒಪ್ಪಿಕೋ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನಾನು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯ ಕೆರೆಯನ್ನು ಆರಿಸಿಕೊಂಡೆ. ಏರಿಯ ಮೇಲೆ ಒಂದು ಕಲ್ಲು ಇತ್ತು, ಅದರ ಮೇಲೆ ಕೆರೆ ಕಟ್ಟಿಸಿದ ಪಾಳೆಯಗಾರನ ಹೆಸರು ಇತ್ತು. ಮಣ್ಣು ಹೊತ್ತವರು ಯಾರು ಎಂದು ಮೂರು ಸಲ ಹೋಗಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಬೀಡಿ ಹಚ್ಚಿಕೊಂಡು, ಯಾರೋ ಹೊತ್ತಿರ್ತಾರೆ ಬಿಡಮ್ಮ ಎಂದರು. ನಾಲ್ಕನೆಯ ಸಲ ಹೋಗುವ ತಾಳ್ಮೆ ನನಗೆ ಇರಲಿಲ್ಲ. ಮನೆಯಲ್ಲಿ ಕೂತು ಮನಸ್ಸಿನಿಂದಲೇ ಒಬ್ಬ ಅಜ್ಜಿಯನ್ನು ಕಟ್ಟಿದೆ. ತೊಂಬತ್ತು ದಾಟಿದವಳು, ಒಂದು ಕಣ್ಣು ಕಾಣದವಳು. ಅವಳ ಮನೆತನದ ಹೆಂಗಸರು ಬರಗಾಲದಲ್ಲಿ ಆ ಏರಿಗೆ ಮಣ್ಣು ಹೊತ್ತಿದ್ದರಂತೆ, ಬುಟ್ಟಿಗೊಂದು ಸೌಟು ಅಂಬಲಿಯಂತೆ, ಒಬ್ಬಳು ಏರಿಯ ಮೇಲೆಯೇ ಹೆತ್ತಳಂತೆ. ಅಜ್ಜಿಯ ಬಾಯಲ್ಲಿ ಕೊನೆಗೆ ಈ ಮಾತು ಹಾಕಿದೆ: "ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿದೆ ಮಗಳೇ, ಹೊತ್ತವರ ಹೆಸರು ನೀರಿನ ಮೇಲಿದೆ."

ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿ ಬಂತು. ಮೇಷ್ಟರು ಓದಿ, ಇಂಥ ಆಧಾರವನ್ನು ಹುಡುಕಿ ತೆಗೆದೆಯಲ್ಲ ಎಂದು ಬೆನ್ನು ತಟ್ಟಿದರು. ಹೊಗಳಿಕೆ ಸಾಲದೆ ಅದನ್ನು ಸಾಹೇಬರಿಗೂ ತೋರಿಸಲು ಹೋದೆ. ಹಾಗೇ ಸ್ಪರ್ಧೆಗೆ ಕೊಟ್ಟುಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಅವರು ಬೆರಳಿಟ್ಟು ಓದುತ್ತಾ ಹೋದರು. ಅಜ್ಜಿಯ ಹತ್ತಿರ ಬೆರಳು ನಿಂತಿತು. ಎರಡು ಸಲ ಕುಟ್ಟಿದರು. ಆ ಊರಿನ ಮುದುಕಿಯರು ಮನೆಯಲ್ಲಿ ಮಾತಾಡುವುದು ತೆಲುಗಲ್ಲವಾ ಎಂದು ಕೇಳಿದರು. ಹೌದು ಸಾರ್, ನಾನೇ ಕನ್ನಡಕ್ಕೆ ಮಾಡಿಕೊಂಡೆ ಎಂದೆ.

"ಚೆಪ್ಪಮ್ಮಾ ಹಂಗಾದ್ರೆ," ಎಂದರು ಮೆಲ್ಲಗೆ, ತೆಲುಗು ಬೆರೆಸಿ. "ನಿಮ್ಮನೇಲೂ ತೆಲುಗೇ ಅಲ್ವಾ? ಅವಳು ತೆಲುಗಲ್ಲಿ ಏನಂದ್ಳು ಹೇಳು."

ಹುಟ್ಟಿದಾಗಿನಿಂದ ತೆಲುಗು ಮಾತಾಡಿದವಳು ನಾನು. ಆ ಒಂದು ಮಾತನ್ನು ತೆಲುಗಿನಲ್ಲಿ ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅದು ಯಾವ ಮುದುಕಿಯ ನಾಲಿಗೆಯ ಮೇಲೂ ಹೊರಳಿದ ಮಾತಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಲ ಹೊಡೆದು ಹಾಕಿ ತಿದ್ದಿದ ಮಾತು.

ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ತಮ್ಮ ಊರಿನ ಮೊಹರಂ ಬಗ್ಗೆ ಹೇಳಿದರು. ಆ ಹತ್ತು ದಿನ ಅಲ್ಲಿ ಸಭೆ ಸೇರುತ್ತಾರೆ, ಒಬ್ಬರು ಎತ್ತರದಲ್ಲಿ ಕೂತು, ಕರ್ಬಲಾದ ಯುದ್ಧದಲ್ಲಿ ಪ್ರವಾದಿಗಳ ಮೊಮ್ಮಗ ತಮ್ಮವರೊಂದಿಗೆ ನೀರೂ ಸಿಗದೆ ಮಡಿದದ್ದನ್ನು ಹೇಳುತ್ತಾರೆ, ಕೇಳುವವರು ಎದೆ ಬಡಿದುಕೊಂಡು ಅಳುತ್ತಾರೆ. ಇವರ ಕಂಠ ಚೆನ್ನಾಗಿದ್ದುದರಿಂದ ಹದಿನಾರನೆಯ ವಯಸ್ಸಿಗೇ ಶೋಕಗೀತೆ ಓದಲು ನಿಲ್ಲಿಸಿದ್ದರು. ಒಂದು ವರ್ಷ ಜನ ಇನ್ನೂ ಹೆಚ್ಚು ಅಳಲಿ ಎಂದು, ಬಾಯಾರಿದ ಒಂದು ಮಗು ಆಡಿದ ಮಾತು ಎಂದು ತಾವೇ ಒಂದು ಮಾತು ಸೇರಿಸಿದರು. ಜನ ಬಿದ್ದು ಬಿದ್ದು ಅತ್ತರು. ಸಭೆ ಮುಗಿದ ಮೇಲೆ ತಾತ ಕರೆದು, ಇದು ಎಲ್ಲಿ ಬರೆದಿದೆ ಎಂದು ಕೇಳಿದರು. ಎಲ್ಲೂ ಇರಲಿಲ್ಲ. ಮರುದಿನ ಅದೇ ಜನರ ಮುಂದೆ ಅದೇ ಜಾಗದಲ್ಲಿ ನಿಂತು, ನಿನ್ನೆಯ ಆ ಮಾತು ನನ್ನದು, ನಡೆದದ್ದಲ್ಲ ಎಂದು ಹೇಳಬೇಕಾಯಿತು.

"ಆಮೇಲೆ ಜನ ಅಳೋದು ಕಮ್ಮಿ ಆಯ್ತಾ ಸಾರ್?" ಎಂದು ಕೇಳಿದೆ. ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ.

"ಆ ದಿನ ಕಮ್ಮಿ ಆಯ್ತು," ಎಂದರು. "ಅಜ್ಜಿನ ಬಿಟ್ಬಿಡು ಅಂತ ನಾನು ಹೇಳಲ್ಲ. ಈ ಅಜ್ಜಿ ನಾನು ಕಟ್ಟಿದ್ದು ಅಂತ ಒಂದು ಸಾಲು ಬರಿ. ಅಷ್ಟೇ."

ಆ ಒಂದು ಸಾಲು ಬರೆದರೆ ಪ್ರಬಂಧ ಸ್ಪರ್ಧೆಗೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನ್ನ ಕಣ್ಣ ಮುಂದೆ ಅಪ್ಪ ತಂದ ಗಂಡಿನ ಫೋಟೋ ಬಂತು. ಹಾಳೆಗಳನ್ನು ಕಿತ್ತುಕೊಂಡು ಎದ್ದು ನಿಂತು, ಇವತ್ತಿಗೂ ನಾಲಿಗೆ ಕತ್ತರಿಸಿಕೊಳ್ಳಬೇಕು ಅನ್ನಿಸುವ ಮಾತು ಆಡಿದೆ. "ಅದಕ್ಕೇ ಸಾರ್ ನೀವು ನಾಲ್ಕು ಸಲ ಫೇಲಾಗಿರೋದು."

ಅವರು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ನಿಂತಿದ್ದ ಹುಡುಗನ ಪುಸ್ತಕ ತೆಗೆದುಕೊಂಡು ಮುದ್ರೆ ಒತ್ತಿದರು. ನಾನು ಮನೆಗೆ ಹೋಗಿ ನೇರಳೆ ಗುರುತು ಬಿದ್ದ ಹಾಳೆಯನ್ನು ಹೊಸದಾಗಿ ಬರೆದು ಮಾರನೆಯ ದಿನ ಕೊಟ್ಟೆ. ಬಹುಮಾನ ಬಂತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಅಪ್ಪ ಅದನ್ನು ತಮ್ಮ ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು.

ಸಾಹೇಬರು ಮೇಷ್ಟರ ಕಿವಿಗೆ ಒಂದು ಮಾತು ಹಾಕಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹಾಕಲಿಲ್ಲ. ಆದರೆ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. ಪುಸ್ತಕ ಹಿಂದಿರುಗಿಸಲು ಹೋದಾಗ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಅದೇ ಸಣ್ಣ ದನಿಯಲ್ಲಿ, "ಹೇಳಿದ್ಯಾಮ್ಮಾ?" ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಊಟ ಆಯ್ತಾ ಎಂದು ಕೇಳಿದ ಹಾಗೆ. ಇನ್ನೂ ಇಲ್ಲ ಸಾರ್ ಎನ್ನುತ್ತಿದ್ದೆ. ಕೊನೆಕೊನೆಗೆ ಅವರ ತಲೆ ಕಂಡರೆ ರಸ್ತೆ ದಾಟುತ್ತಿದ್ದೆ.

ಬೆಂಗಳೂರಿನಲ್ಲಿ ಎಂ.ಎ.ಗೆ ಇತಿಹಾಸ ಸೇರಿದೆ. ಇಂಗ್ಲಿಷ್ ವಿಭಾಗದ ತರಗತಿಗಳಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಎರಡು ಕಟ್ಟಡಗಳ ನಡುವಿನ ದಾರಿಯಲ್ಲಿ ನಡೆದದ್ದಕ್ಕೆ ಲೆಕ್ಕವಿಲ್ಲ. ಇಲ್ಲಿ ಕೂತರೆ ಅಲ್ಲಿಗೆ ಹೋಗಬೇಕು, ಅಲ್ಲಿ ಕೂತರೆ ಇಲ್ಲಿಗೆ ಬರಬೇಕು. ಇತಿಹಾಸದ ಪ್ರೊಫೆಸರು ಆಧಾರ ಎಂಬ ಪದ ಎತ್ತಿದರೆ ಸಾಕು, ನೋಟ್‌ಬುಕ್ಕಿನ ಮೇಲೆ ತಲೆ ಬಗ್ಗಿಸಿಬಿಡುತ್ತಿದ್ದೆ. ನಾಳೆ ಸಂಚಿಕೆಯ ಸಂಪಾದಕರಿಗೆ ಕಾಗದ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ನಾಳೆ ಬರಲೇ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದೆ. ಒಂದು ದಿನ ವಿದ್ಯಾರ್ಥಿಗಳು ತಾವು ಬರೆದು ತಂದ ಊರಿನ ಚರಿತ್ರೆಗಳನ್ನು ಓದುತ್ತಿದ್ದರು. ಒಬ್ಬ ಹುಡುಗಿ ಎದ್ದು ನಿಂತು, ಕೆರೆಗಳ ಬಗ್ಗೆ ಓದುತ್ತಾ, ತೊಂಬತ್ತು ದಾಟಿದ ಒಕ್ಕಣ್ಣಿನ ಅಜ್ಜಿಯೊಬ್ಬಳು ಹೇಳಿದಂತೆ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಯಾವುದೋ ತಾಲ್ಲೂಕಿನ ಸ್ಮರಣ ಸಂಚಿಕೆಯಿಂದ ತೆಗೆದುಕೊಂಡಿದ್ದಳಂತೆ. ನನ್ನ ಹೆಸರು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅಜ್ಜಿ ಮಾತ್ರ ಬೆಳೆದಿದ್ದಳು, ಅವಳಿಗೆ ಈಗ ಒಂದು ಮನೆತನದ ಹೆಸರೂ ಬಂದಿತ್ತು. ಮುಂದಿನ ಬೆಂಚಿನ ಇಬ್ಬರು ಕಣ್ಣೊರೆಸಿಕೊಂಡರು. ಹುಡುಗಿ ನನ್ನ ಕಡೆ ನೋಡಿದಳು, ಚೆನ್ನಾಗಿದೆ ಎನ್ನಲಿ ಎಂದು. ನಾನು ಚೆನ್ನಾಗಿದೆ ಎಂದೆ.

ಆ ವಾರ ಊಟ ಸೇರಲಿಲ್ಲ. ಭಾನುವಾರ ಬಸ್ಸು ಹತ್ತಿದೆ, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಹಿಡಿದು, ಕೇಳಿಕೊಂಡು ಅಲೀಪುರದ ಅವರ ಮನೆ ತಲುಪಿದೆ. ಇನ್ನೂ ಹೇಳಿಲ್ಲ ಸಾರ್, ಹೇಗೆ ಹೇಳಬೇಕು ಎಂದು ಕೇಳುವುದಕ್ಕೆ. ಅವರ ಹೆಂಡತಿ ಬಾಗಿಲು ತೆಗೆದರು. ಸಾಹೇಬರು ಹೋಗಿ ಎಂಟು ತಿಂಗಳಾಗಿತ್ತು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ಇಂಗ್ಲಿಷ್ ಪೇಪರ್ ಕೊನೆಗೂ ಆಗಲಿಲ್ಲವಂತೆ.

ನಾನು ಯಾರೆಂದು ಹೇಳಿದೆ. ಆ ತಾಯಿ ಗುರುತು ಹಿಡಿದರು. ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಸಂಚಿಕೆ ಅಚ್ಚಾದ ವರ್ಷ ಗಂಡ ಅದನ್ನು ಮನೆಗೆ ತಂದು ಓದಿ ಹೇಳಿದ್ದನ್ನು ನೆನೆದರು. ನಮ್ಮ ಲೈಬ್ರರಿಯಲ್ಲಿ ಓದಿದ ಹುಡುಗಿ ಎಂದು ಹೆಮ್ಮೆಪಟ್ಟಿದ್ದರಂತೆ.

"ಆ ಅಜ್ಜಿ ಮಾತು ಕೇಳಿ ನಾನು ಅತ್ಬಿಟ್ಟೆ," ಎಂದರು. "ಆಮೇಲೆ ಹೇಳಿದ್ರು, ಆ ಅಜ್ಜಿ ಇಲ್ವೇ ಇಲ್ಲ ಅಂತ. ನನಗೆ ಸಿಟ್ಟು ಬಂತು. ಅಂಥ ಸುಳ್ಳು ಬರ್ದೋಳನ್ನ ಯಾಕೆ ಹೊಗಳ್ತೀರಿ ಅಂದೆ. ಅವಳು ಹೇಳ್ತಾಳೆ, ನೋಡ್ತಿರು, ಒಂದಿನ ಹೇಳೇ ಹೇಳ್ತಾಳೆ ಅಂದ್ರು."

ನಾನು ಆ ತಾಯಿಯ ಮುಂದೆ ಮಗುವಿನ ಹಾಗೆ ಅತ್ತೆ. ನನ್ನ ಅಪ್ಪನೂ ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿರಲಿಲ್ಲ. ಇಟ್ಟವರನ್ನು ನಾನು ಫೇಲಾದವರು ಎಂದು ಹಂಗಿಸಿದ್ದೆ.

ಸೋಮವಾರ ಮೊದಲ ಪೀರಿಯಡ್ಡಿಗೆ ತರಗತಿಗೆ ಹೋದೆ. ಹಾಜರಿ ಕರೆಯಲಿಲ್ಲ. ಮೇಜಿನ ಪಕ್ಕ ನಿಂತು, ಆ ಅಜ್ಜಿ ಇರಲಿಲ್ಲ, ನಾನೇ ಕಟ್ಟಿದವಳು, ಕಟ್ಟಿದ್ದನ್ನು ನಡೆದದ್ದು ಎಂದು ಕೊಟ್ಟು ಬಹುಮಾನ ತೆಗೆದುಕೊಂಡೆ ಎಂದು ಹೇಳಿದೆ. ಸ್ಮರಣ ಸಂಚಿಕೆಯವರಿಗೂ ನನ್ನ ಹಳೆಯ ಕಾಲೇಜಿಗೂ ಬರೆದ ಕಾಗದಗಳನ್ನು ಓದಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಮೆಲ್ಲಗೆ ನಕ್ಕರು. ಪ್ರಬಂಧ ಓದಿದ ಹುಡುಗಿ ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ.

"ಹಂಗಾದ್ರೆ ಮಣ್ಣು ಹೊತ್ತೋರು ಯಾರು ಮೇಡಂ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ಕೇಳಲು ಆ ಊರಿಗೆ ನಾನು ಮೂರೇ ಸಲ ಹೋಗಿದ್ದು ಎಂದೆ.