ಕಿಸೆಯಲ್ಲಿಟ್ಟ ಮುಚ್ಚಳ

“ಡಿಗ್ರಿ ಆತಲ್ಲ, ಅಷ್ಟ ಸಾಕ ಬಿಡವಾ. ಆ ಕೆಲಸಾ ನಿನ್ನ ಕೈಲೆ ಆಗೂದಲ್ಲ” ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಎರಡು ವರ್ಷದ ಹಿಂದಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಇಂಟರ್ನೆಟ್ ಕೇಬಲ್ ನೋಡಿಕೊಳ್ಳುವ, ಬೆಳಗಾವಿ ಪಕ್ಕದ ಮಚ್ಛೆಯ ಒಂದು ಸಣ್ಣ ಕಂಪನಿಗೆ ತರಬೇತಿಗೆ ಸೇರಿದ್ದೆ. ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲಿ ಇರುವುದು ಸೀರೆ ನೇಯುವ ಎರಡು ಮಗ್ಗ. ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಟ್ಟು ಕಾಲೇಜಿಗೆ ಓಡಿ ಪಡೆದ ಡಿಗ್ರಿ ಅದು. ಇದನ್ನೂ ಕಲಿಯುತ್ತೇನೆ ಎಂಬ ಧೈರ್ಯ ನನಗಿತ್ತು.

ನಮಗೆ ಕಲಿಸುತ್ತಿದ್ದವರು ಖಾನಾಪುರದ ಜಾಧವ ಸರ್. “ಕೇಬಲ್ ಒಳಗ ಇರೂದು ಕೂದಲಿನಷ್ಟ ಸಣ್ಣ ಗಾಜಿನ ಎಳಿ. ತುದೀಗೆ ಧೂಳ ಕುಂತ್ರ ಬೆಳಕ ದಾಟೂದಿಲ್ಲ. ನೋಡು, ಒರಸು, ಮತ್ತ ನೋಡು, ಆಮ್ಯಾಲ ಜೋಡಸು” ಎಂದು ದಿನಾ ಹೇಳುತ್ತಿದ್ದರು.

ಕೊನೆಯ ಪರೀಕ್ಷೆ ಖಾನಾಪುರದಲ್ಲಿದ್ದ ನಮ್ಮ ಕಂಪನಿಯ ಮಷಿನ್ ಕೋಣೆಯಲ್ಲಿ ನಡೆಯಿತು. ಬೆಳಕನ್ನು ಕಳಿಸಿ ಪಡೆಯುವ ಬೆರಳುದ್ದದ ಮಾಡ್ಯೂಲ್ ಹಳೆಯದಾಗಿತ್ತು. ಅದನ್ನು ತೆಗೆದು ಹೊಸದನ್ನು ನಾನೊಬ್ಬಳೇ ಹಾಕಬೇಕಿತ್ತು. ಸರಿಯಾದರೆ ಸರ್ಟಿಫಿಕೇಟ್, ತಪ್ಪಿದರೆ ಇನ್ನೂ ಆರು ತಿಂಗಳು ತರಬೇತಿ.

ಕೇಬಲ್ ಬಿಚ್ಚಿದೆ. ತುದಿ ಒರೆಸಿ, ನೋಡಿ, ಕಿಸೆಯಲ್ಲಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಹೊಸ ಮಾಡ್ಯೂಲ್ ಕೂರಿಸಿ, ಮುಚ್ಚಳ ತೆಗೆದು ಕೇಬಲ್ ಸಿಕ್ಕಿಸಿದೆ. ಈಗಷ್ಟೇ ಒರೆಸಿದ್ದೇನಲ್ಲ ಎಂದು ಮತ್ತೆ ನೋಡಲಿಲ್ಲ. ಬೆಳಕು ದಾಟಿದರೆ ಹತ್ತಬೇಕಾದ ಹಸಿರು ದೀಪ ಹತ್ತಲೇ ಇಲ್ಲ.

ಮಾಡ್ಯೂಲ್ ಕೆಟ್ಟಿರಬೇಕು ಅಂದುಕೊಂಡೆ. ಅದಕ್ಕೆ “ಕೆಟ್ಟಿದೆ” ಎಂದು ಚೀಟಿ ಅಂಟಿಸಿ ಎರಡನೆಯದನ್ನು ಹಾಕಿದೆ. ಅದೂ ಹಾಗೆಯೇ.

“ಯಾಕ, ಮೂರನೇದ ತರಸ್ಲೇನ?” ಎಂದು ಜಾಧವ ಸರ್ ನಕ್ಕು, ಫೋನ್ ಬಂತೆಂದು ಹೊರಗೆ ಹೋದರು.

ಆಗ ಕೇಬಲ್ ತುದಿಯನ್ನು, ಅದನ್ನು ದೊಡ್ಡದಾಗಿ ತೋರಿಸುವ ಸ್ಕೋಪಿಗೆ ಹಿಡಿದೆ. ಪರದೆಯ ಮೇಲೆ ನಟ್ಟನಡುವೆ ಸುರುಳಿ ಸುರುಳಿಯಾಗಿ ಒಂದು ಎಳೆ ಬಿದ್ದಿತ್ತು. ಆ ಎಳೆಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಕಿಸೆಯನ್ನು ಹೊರಗೆಳೆದು ನೋಡಿದರೆ ಮೂಲೆಯ ತುಂಬ ಮಗ್ಗದ ಅರಳೆ! ಕಿಸೆಯಿಂದ ಮುಚ್ಚಳಕ್ಕೆ ಹತ್ತಿದ್ದು, ಮುಚ್ಚಳದಿಂದ ತುದಿಗೆ ಹತ್ತಿತ್ತು.

ಸರ್ ಇನ್ನೂ ಹೊರಗಿದ್ದರು. ಸುಮ್ಮನೆ ಒರೆಸಿ ಜೋಡಿಸಿದ್ದರೆ ದೀಪ ಹತ್ತುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಏನೂ ಆಗದ ಮಾಡ್ಯೂಲ್ ನನ್ನ ಕೈಬರಹದ ಚೀಟಿ ಹೊತ್ತು ಕಸಕ್ಕೆ ಹೋಗುತ್ತಿತ್ತು. ಸರ್ ಒಳಗೆ ಬಂದ ಕೂಡಲೇ ಹೇಳಿಬಿಟ್ಟೆ: “ಸರ್, ಮಾಡ್ಯೂಲ್ ಚಲೋ ಅದಾವ್ರಿ. ತಪ್ಪ ನಂದ.” ಕಿಸೆಯನ್ನೂ ತೋರಿಸಿದೆ.

ಅವರು ಪರದೆ ನೋಡಿದರು, ಕಿಸೆ ನೋಡಿದರು. “ಅರೇ, ಅರ್ಧಾ ಸೀರೀನ ತಂದಿ ಅಲ್ಲ! ಹೂಂ, ಮದಲಿಂದ ಮಾಡು. ನಾ ಏನೂ ಹೇಳಿಕೊಡಂಗಿಲ್ಲ.”

ಚೀಟಿ ಕಿತ್ತೆ. ಮಾಡ್ಯೂಲಿನ ಬಾಯಿಯನ್ನೂ ಕೇಬಲ್ ತುದಿಯನ್ನೂ ಒರೆಸಲೆಂದೇ ಇರುವ ಪೆನ್ನಿನಂಥ ಸಾಧನದಿಂದ ಸ್ವಚ್ಛ ಮಾಡಿ, ಎರಡೆರಡು ಸಲ ನೋಡಿ, ನಾನೇ “ಕೆಟ್ಟಿದೆ” ಎಂದಿದ್ದ ಮಾಡ್ಯೂಲನ್ನೇ ಹಾಕಿದೆ. ಹಸಿರು ದೀಪ ಹತ್ತಿತು. ಆಮೇಲೂ ಸರ್ ಪಾಸೋ ಫೇಲೋ ಹೇಳಲಿಲ್ಲ. ಬೆಳಗಾವಿಯವರೆಗೆ ಬಸ್ಸಿನಲ್ಲಿ ಉಗುರು ಕಚ್ಚುತ್ತ ಬಂದೆ.

ಇಂದಿಗೂ ಮುಚ್ಚಳಗಳನ್ನು ಜಿಪ್ ಚೀಲದಲ್ಲೇ ಇಡುತ್ತೇನೆ. ಹೊಸ ಹುಡುಗಿಯರಿಗೆ ಕಲಿಸುವಾಗ ಈ ಕಥೆಯನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ಪರೀಕ್ಷೆ ಆದ ಮುಂದಿನ ವಾರ ನನ್ನನ್ನು ಮಚ್ಛೆಯ ಆಫೀಸಿಗೆ ಕರೆದಿದ್ದರು. ಜೊತೆಗೆ ಅವ್ವ ಬಂದಿದ್ದಳು. ನಡೆದದ್ದನ್ನೆಲ್ಲ ಅವಳಿಗೆ ಆ ದಿನವೇ ಹೇಳಿದ್ದೆ. ಜಾಧವ ಸರ್ ಸರ್ಟಿಫಿಕೇಟನ್ನು ನನ್ನ ಕೈಗಿತ್ತು ಅವ್ವನ ಕಡೆ ತಿರುಗಿದರು. “ಬಾಯಾರ, ನಾಳಿಂದ ಈಕಿನ್ನ ಒಬ್ಬಾಕಿನ್ನ ಕೆಲಸಕ್ಕ ಕಳಸ್ತೀವ್ರಿ. ನಡೀತೈತಿ ಅಲ್ರಿ?”

ಅವ್ವ ಸೆರಗು ಸರಿಮಾಡಿಕೊಂಡು ಅಂದಳು: “ಕಳಸ್ರಿ ಸರ್. ತಪ್ಪಾದ್ರ ಆಕೀನ ಬಂದು ಹೇಳ್ತಾಳ.”