ಕೈಯಲ್ಲಿ ಹಿಡಿದ ಮೆಟ್ಟು

ಮೇಲುಕೋಟೆ ಬೆಟ್ಟವನ್ನು ಹರಕೆ ಹೊತ್ತು ಬರಿಗಾಲಲ್ಲಿ ಹತ್ತಾರು ಸಲ ಹತ್ತಿದವನು ನಾನು. ನಮ್ಮ ಮನೆಯಲ್ಲಿ ತಪ್ಪು ನಡೆದರೂ ಬರಿಗಾಲ ಹರಕೆ, ಕಳೆದುಹೋದ ಎಮ್ಮೆ ಸಿಕ್ಕರೂ ಬರಿಗಾಲ ಹರಕೆ. ಹಾಗಾಗಿ ನಾಗಮಂಗಲದ ಆಚೆಯ ಬುದ್ಧನ ಬೆಟ್ಟಕ್ಕೆ ಹೋದಾಗಲೂ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು ಇಳಿದೆ.

"ಲೇ, ಗವಿ ಬಾಗ್ಲಲ್ಲಿ ಬುಟ್ರೆ ಸಾಕು ಕಣ್ಲಾ. ಅಲ್ಲೀಗಂಟ ಬರೀ ಜಾಲಿಮುಳ್ಳು," ಅಂದ ಗೆಳೆಯ.

"ನಾನು ಇಂಗೇ ಬರೋದು," ಅಂದೆ.

ಅವನೂ ನಾನೂ ಶೀಳನೆರೆ ಕಡೆಯ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಓದಿದವರು. ಈಗ ಅವನು ಮೇಷ್ಟ್ರು, ನಾನು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ನಮ್ಮ ಮನೆ ಊರೊಳಗೆ, ಅವನದು ಕೇರಿಯಲ್ಲಿ. ಅವನ ತಂದೆ ನಮ್ಮ ಗದ್ದೆಯಲ್ಲಿ ದುಡಿದವರು. ನಮ್ಮ ಬೀದಿಯ ತುದಿಯ ಬೇವಿನ ಮರದ ಹತ್ತಿರ ಬಂದರೆ ಸಾಕು, ಬಗ್ಗಿ ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು. ಏಳು ವರ್ಷದ ನಾನು ಜಗಲಿಯಿಂದ "ಬಾರ್ಲಾ ಇಲ್ಲಿ" ಅಂತ ಕೂಗಿದರೆ "ಬಂದೆ ಸಣ್ಣಗೌಡ್ರೆ" ಅನ್ನುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುವಷ್ಟು ನಾಚಿಕೆಯಾಗುತ್ತದೆ.

ಮಗನಿಗೆ ಕೆಲಸ ಸಿಕ್ಕ ಮೇಲೆ ಅವರು ನಮ್ಮ ಬೀದಿಗೆ ಕಾಲಿಡುವುದನ್ನೇ ಬಿಟ್ಟರು. ಒಮ್ಮೆಯಾದರೂ ಅವರು ನಮ್ಮ ಮನೆಗೆ ಬಂದು ಕೂತು ಉಣ್ಣಬೇಕು ಎಂಬುದು ನನ್ನ ಆಸೆ. ಮಗನ ಕೈಲಿ ಮೂರು ಸಲ ಹೇಳಿ ಕಳಿಸಿದ್ದೆ. ಮೂರು ಸಲವೂ ಉತ್ತರ ಬರಲಿಲ್ಲ. ಹುಣ್ಣಿಮೆಗೆ ಅವರು ಈ ಬೆಟ್ಟಕ್ಕೆ ಬರುತ್ತಾರೆಂದು ಗೊತ್ತಿತ್ತು. ಬರಿಗಾಲಲ್ಲಿ ಹತ್ತಿ ಹೋಗಿ ಕರೆದರೆ ಇಲ್ಲವೆನ್ನಲಾರರು ಅಂದುಕೊಂಡೆ.

ಅರ್ಧ ದಾರಿಗೇ ಅಂಗಾಲಿಗೆ ಮುಳ್ಳು ಹೊಕ್ಕಿತು. ಕುಂಟುತ್ತಲೇ ಹತ್ತಿದೆ. ಗವಿಯ ಬಾಗಿಲಲ್ಲಿ ಅವರ ಮೆಟ್ಟು ಬಂಡೆಗೆ ಒರಗಿಕೊಂಡಿತ್ತು. ಒಳಗೆ ಒಬ್ಬರ ಹಿಂದೊಬ್ಬರು ಮಂಡಿಯೂರಿಯೇ ಹೋಗಬೇಕು. ಬಂಡೆಯಿಂದ ನೀರು ಜಿನುಗುತ್ತಿತ್ತು, ಬಾವಲಿ ನಾತ ಮೂಗಿಗೆ ಹೊಡೆಯುತ್ತಿತ್ತು. ಹಿಂದಿನಿಂದ ಗೆಳೆಯ "ತಲೆ ಬಗ್ಸಲಾ" ಅಂದ. ನಾನು ಬಗ್ಗಿಸುವಷ್ಟರಲ್ಲಿ ಬಂಡೆಯೇ ನೆತ್ತಿಗೆ ಬುದ್ಧಿ ಹೇಳಿತ್ತು.

ಗವಿ ದಾಟಿದರೆ ಬೆಟ್ಟದ ನೆತ್ತಿಯ ಬಯಲು, ಪುಟ್ಟ ಸಿಮೆಂಟಿನ ಗುಡಿ, ಮೊಣಕಾಲೆತ್ತರದ ಬುದ್ಧ. ಗುಡಿಯ ನೆರಳಿನಲ್ಲಿ ಕೂತಿದ್ದ ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಕುಂತ್ಕೊ," ಅಂದರು. ಉಡಿದಾರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಕಾಲೆಳೆದುಕೊಳ್ಳಲು ಹೋದೆ.

"ಅಲ್ಲಾಡ್ಬ್ಯಾಡ. ಯಾರು ಯೋಳಿದ್ರು ನಿಂಗೆ ಇಂಗೆ ಬಾ ಅಂತ?"

"ನೀವು ಅಷ್ಟು ವರ್ಷ ನಡೆದ್ರಲ್ಲಾ, ಅಯ್ಯ," ಅಂದೆ. ಗೆಳೆಯ ತನ್ನ ತಂದೆಯನ್ನು ಕರೆಯುವ ಹಾಗೆ ನಾನು ಅವರನ್ನು ಕರೆದದ್ದು ಅದೇ ಮೊದಲು.

ಅವರು ನಕ್ಕರು. "ಅದು ನಿನ್ ಸಮಾಧಾನಕ್ಕಾಯ್ತು. ಮುಳ್ಳು ಕೀಳೋ ಕೆಲ್ಸ ಮಾತ್ರ ಈಗ್ಲೂ ನಂದೇ ಆಯ್ತಲ್ಲ!"

ನನಗೆ ಭೂಮಿಗಿಳಿದು ಹೋದಂತಾಯಿತು. ತಲೆ ತಗ್ಗಿಸಿಯೇ ಊಟಕ್ಕೆ ಕರೆದೆ.

"ನಿಮ್ಮವ್ವ ಈಗ್ಲೂ ಜಗಲಿ ಮ್ಯಾಲೆ ಕುಂತ್ಕತ್ತಾರಾ?"

"ಊ."

"ಅವ್ರು ಕುಂತಿರೋವಾಗ್ಲೇ ಬತ್ತೀನಿ. ಮೆಟ್ಟಾಕ್ಕಂಡು ಬತ್ತೀನಿ. ಅವ್ರಿಗೆ ಯೋಳೋ ದೈರ್ಯ ಅದಾ ನಿಂಗೆ?"

ಇರಲಿಲ್ಲ. ಅವ್ವ ಮಧ್ಯಾಹ್ನ ಮಲಗಿರುವ ಹೊತ್ತಿಗೆ ಇವರನ್ನು ಕರೆತಂದು ಉಣ್ಣಿಸಿ ಕಳಿಸುವುದೆಂದು ಒಳಗೊಳಗೇ ಹೊಂಚು ಹಾಕಿದ್ದೆ. ಮುಳ್ಳು ಕಿತ್ತು ಬಂದಾಗ ಆ ಹೊಂಚೂ ಬಯಲಾದ ಹಾಗಾಯಿತು. ಅಲ್ಲೇ ಫೋನು ತೆಗೆದು ಮನೆಗೆ ಮಾಡಿದೆ.

"ಅವ್ವಾ, ನನ್ ಗೆಳೆಯನ ಅಯ್ಯನ್ನ ಊಟಕ್ಕೆ ಕರ್ಕಂಬತ್ತಾ ಇವ್ನಿ. ಮೆಟ್ಟಾಕ್ಕಂಡೇ ಬತ್ತಾರೆ. ನೀನು ಜಗಲೀಲೇ ಇರು."

ಅವ್ವ ಫೋನಿಟ್ಟಳು.

"ನಡೀರಿ ಅಯ್ಯ, ಇವತ್ತೇ," ಅಂದೆ. ಇನ್ನೊಂದು ದಿನ ಕಳೆದರೆ ನನ್ನ ಧೈರ್ಯ ಉಳಿಯುವುದಿಲ್ಲವೆಂದು ನನಗೇ ಗೊತ್ತಿತ್ತು.

ಬೇವಿನ ಮರದ ಹತ್ತಿರ ಅವರು ಕಾರು ನಿಲ್ಲಿಸಲು ಹೇಳಿದರು. ನಡೆದೇ ಬರುತ್ತೇನೆಂದರು. ಇಳಿದು ಎರಡು ಹೆಜ್ಜೆ ಇಟ್ಟವರೇ ತಟ್ಟನೆ ಬಗ್ಗಿದರು. ಕೈ ತಾನಾಗಿಯೇ ಮೆಟ್ಟಿನ ಕಡೆಗೆ ಹೋಗಿತ್ತು. ಏನು ಮಾಡುತ್ತಿದ್ದೇನೆಂದು ತಿಳಿದಾಗ ಅವರ ಮುಖ ಕಪ್ಪಿಟ್ಟಿತು. ನಾನು ತೋಳು ಹಿಡಿದೆ. ಅವರು ಕೈ ಬಿಡಿಸಿಕೊಂಡು ತಾವೇ ನೆಟ್ಟಗೆ ನಿಂತು, ನಿಧಾನವಾಗಿ ಬೀದಿಯ ನಟ್ಟನಡುವೆ ನಡೆದರು.

ಅವ್ವ ಜಗಲಿಯಲ್ಲೇ ಕೂತಿದ್ದಳು. ಅಷ್ಟು ದೂರದಿಂದಲೂ ಆ ಮೆಟ್ಟನ್ನೇ ನೋಡುತ್ತಿದ್ದಳು. ನಾವು ಹತ್ತಿರವಾದಾಗ ಎದ್ದು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ.

ಅವಳು ತುಂಬಿದ ಚೊಂಬು ಹಿಡಿದು ಬಂದಳು. ಅದನ್ನು ಜಗಲಿಯ ಅಂಚಿಗಿಟ್ಟು, ಗೋಡೆಯ ಕಡೆ ನೋಡುತ್ತಾ ಅಂದಳು:

"ಕಾಲಿಗೆ ನೀರು ತಕ್ಕಳಿ."